ಉಳಿದ ಊಟ ಒಯ್ಯಲು 1098ರಿಂದ ಯಾರೂ ಬರುವುದಿಲ್ಲ

ಕೆಂಗೇರಿ ಉಪನಗರದ ನೆರೆಹೊರೆಯವರಿಗೆಲ್ಲ ನಮಸ್ಕಾರ.

"ಸಮಾರಂಭದಲ್ಲಿ ಊಟ ಉಳಿದರೆ 1098ಕ್ಕೆ ಫೋನ್ ಮಾಡಿ, ಬಂದು ಒಯ್ದು ಮಕ್ಕಳಿಗೆ ಹಂಚುತ್ತಾರೆ" ಎಂಬ ಸಂದೇಶವನ್ನು ಮೊನ್ನೆ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದು ನಾನೇ. ಅದು ತಪ್ಪು. ಮೊಮ್ಮಗಳ ನಾಮಕರಣ ಮುಗಿದಾಗ ಅರ್ಧ ಪಾತ್ರೆ ಬಿಸಿಬೇಳೆಬಾತ್ ಹಾಗೇ ಉಳಿದಿತ್ತು. ಚೆಲ್ಲಲು ಮನಸ್ಸು ಬಾರದೆ, ವಿಚಾರಿಸದೆ ಕಳಿಸಿಬಿಟ್ಟೆ. ದಯವಿಟ್ಟು ಕ್ಷಮಿಸಿ.

1098 ಮಕ್ಕಳ ಸಹಾಯವಾಣಿ. ಹೊಡೆತ ತಿನ್ನುತ್ತಿರುವ, ಕೂಲಿಗೆ ದೂಡಿದ, ಎಳೆ ವಯಸ್ಸಿಗೇ ಮದುವೆ ಮಾಡಹೊರಟ, ಬಸ್ ಸ್ಟ್ಯಾಂಡಿನಲ್ಲಿ ದಿಕ್ಕುತಪ್ಪಿ ಅಳುತ್ತ ನಿಂತ ಮಗುವಿಗಾಗಿ ಹಗಲೂ ರಾತ್ರಿ ಇರುವ ಉಚಿತ ಸಂಖ್ಯೆ. 1996ರಲ್ಲಿ ಮುಂಬೈಯಲ್ಲಿ ಇದನ್ನು ಶುರುಮಾಡಿದ ಚೈಲ್ಡ್‌ಲೈನ್ ಸಂಸ್ಥೆಯೇ, ಊಟ ಸಂಗ್ರಹಿಸುವುದು ತನ್ನ ಕೆಲಸವಲ್ಲ ಎಂದು ಹಿಂದೆಯೇ ತಿಳಿಸಿದೆ. ಅನ್ನ-ಸಾರಿನ ವಿಷಯಕ್ಕೆ ನಾವು ಮಾಡುವ ಕರೆಯಿಂದ, ಅದೇ ಹೊತ್ತಿಗೆ ಸಹಾಯ ಕೇಳುತ್ತಿರುವ ಮಗುವೊಂದು ಕಾಯಬೇಕಾದೀತು. ನನಗೆ ನಿದ್ದೆ ಬಾರದಂತೆ ಮಾಡಿದ್ದು ಇದೇ.

ಊಟ ಮಿಗಬಹುದು ಅನ್ನಿಸಿದರೆ ಹತ್ತಿರದ ಅನಾಥಾಶ್ರಮಕ್ಕೋ ವೃದ್ಧಾಶ್ರಮಕ್ಕೋ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಸಂಜೆಗೆ ಹಳಸುವ ಅಡುಗೆಯನ್ನು ಯಾರಿಗೂ ಕೊಡಬೇಡಿ.

ಆ ಸಂದೇಶವನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ. 1098 ಮಾತ್ರ ಫೋನಿನಲ್ಲಿ ಇರಲಿ, ಮಕ್ಕಳಿಗೂ ಬಾಯಿಪಾಠ ಮಾಡಿಸಿ.