ಸತ್ಯಾಂಶ: ಕೇಳಿದರೆ ಮಕ್ಕಳ ತಲೆಗೆ ಆ ಯೋಚನೆ ಬರುತ್ತಾ?

"ಶಾಲೆಯಲ್ಲಿ ಆತ್ಮಹತ್ಯೆ ಬಗ್ಗೆ ಮಾತಾಡಿದರೆ ಮಕ್ಕಳ ತಲೆಗೆ ಇಲ್ಲದ್ದನ್ನು ತುಂಬಿದಂತೆ." ಹಾಸನದ ಪೋಷಕರ ವಾಟ್ಸಾಪ್ ಗುಂಪಿಗೆ ಬಂದ ಮಾತಿದು. ಹೆತ್ತವರ ಭಯ ಅರ್ಥವಾಗುತ್ತದೆ. ಆದರೆ ಇದು ನಿಜವಲ್ಲ.

ನ್ಯೂಯಾರ್ಕ್‌ನ 2,342 ಹೈಸ್ಕೂಲ್ ಮಕ್ಕಳ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯ ಯೋಚನೆ ಬಗ್ಗೆ ನೇರವಾಗಿ ಕೇಳಿದ್ದರಿಂದ ಸಂಕಟ ಜಾಸ್ತಿಯಾಗಲಿಲ್ಲ.

ಹಾಗಂತ ಆತ್ಮಹತ್ಯೆ ತಡೆಯಲು ಶಾಲೆಗಳಲ್ಲಿ ನಡೆಸುವ ಎಲ್ಲ ಕಾರ್ಯಕ್ರಮವೂ ಫಲ ಕೊಡುವುದಿಲ್ಲ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ ಮೂರು ವಿಧಾನ ಪರೀಕ್ಷಿಸಿದರು. ಮಕ್ಕಳೇ ಚರ್ಚಿಸಿ, ಪಾತ್ರ ಮಾಡಿ ಕಲಿತ ಕಡೆ ಮೂರು ತಿಂಗಳಿಗೆ ವ್ಯತ್ಯಾಸ ಕಾಣಲಿಲ್ಲ. ವರ್ಷ ತುಂಬುವಾಗ, ಈ ಮೂರೂ ವಿಧಾನ ಇಲ್ಲದ ಶಾಲೆಗಳಿಗೆ ಹೋಲಿಸಿದರೆ, ಹೊಸ ಆತ್ಮಹತ್ಯೆ ಪ್ರಯತ್ನಗಳು ಸುಮಾರು ಅರ್ಧದಷ್ಟಿದ್ದವು. ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟಲ್ಲಿ ಹಾಗಾಗಲಿಲ್ಲ. ಒಳ್ಳೆಯ ಕಾರ್ಯಕ್ರಮದ ಫಲ ಕಾಣಲೂ ಕಾಯಬೇಕು, ಅಲ್ವಾ?

ಶಾಲೆಯವರು ಇಂಥ ಕಾರ್ಯಕ್ರಮಕ್ಕೆ ಒಪ್ಪಿಗೆ ಕೇಳಿದರೆ ಸುಮ್ನೆ ಬೇಡ ಅನ್ನಬೇಡಿ. ಮಕ್ಕಳಿಗೆ ಮಾತಾಡಲು ಎಷ್ಟು ಅವಕಾಶ ಇದೆ ಎಂದು ವಿಚಾರಿಸಿ. ಈಗಲೇ ನೆರವು ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು.