ಬಿಲ್ ನಮ್ಮದು, ಅಟ್ಟ ಮಾಲೀಕರದು

ಜನವರಿ ತಿಂಗಳ ಗ್ಯಾಸ್ ಬಿಲ್ ನಿನ್ನೆ ಬಂತು. ಎರಡೂವರೆ ನೂರು ಡಾಲರಿಗೂ ಮಿಕ್ಕಿದೆ. ಮೊತ್ತ ನೋಡಿ ಆಶ್ಚರ್ಯವೇನೂ ಆಗಲಿಲ್ಲ, ಸಿಟ್ಟು ಬಂತು. ಏಕೆಂದರೆ ಈ ಹಣ ಸುಟ್ಟು ಹುಟ್ಟಿಸಿದ ಬಿಸಿಯಲ್ಲಿ ಎಷ್ಟೊಂದು ಪಾಲು ನಮಗೆ ದಕ್ಕದೆ ಸೂರು ದಾಟಿ ಹೋಗುತ್ತಿದೆ ಎಂಬುದನ್ನು ಮೂರು ಚಳಿಗಾಲಗಳಿಂದ ನಾನು ಕಣ್ಣಾರೆ ಕಾಣುತ್ತಿದ್ದೇನೆ.

ನಾವಿರುವುದು ಕೆನಡಾದ ವಿನ್ನಿಪೆಗ್‌ನಲ್ಲಿ. ಇಲ್ಲಿ ಅಕ್ಟೋಬರಿನಲ್ಲಿ ಶುರುವಾದ ಫರ್ನೇಸ್, ಅಂದರೆ ಗ್ಯಾಸ್ ಉರಿಸಿ ಮನೆಯನ್ನು ಬಿಸಿಮಾಡುವ ಯಂತ್ರ, ಏಪ್ರಿಲ್ ಮುಗಿಯುವವರೆಗೂ ನಿಲ್ಲುವಂತಿಲ್ಲ, ಜನವರಿಯ ಕೆಲವು ರಾತ್ರಿಗಳಲ್ಲಂತೂ ಹೊರಗಿನ ಉಷ್ಣತೆ ಸೊನ್ನೆಗಿಂತ 30, 35 ಡಿಗ್ರಿ ಕೆಳಗಿಳಿಯುತ್ತದೆ. ನಮ್ಮದು ಬಾಡಿಗೆಯ ಹಳೆಯ ಮರದ ಮನೆ. ಗ್ಯಾಸ್ ಮತ್ತು ಕರೆಂಟಿನ ಖರ್ಚು ಬಾಡಿಗೆದಾರರಿಗೆ ಸೇರಿದ್ದು ಎಂದು ಕರಾರಿನಲ್ಲಿ ಒಂದು ಸಾಲಿದೆ. ಸಹಿ ಹಾಕಿದ್ದು ಬೇಸಿಗೆಯಲ್ಲಾದ್ದರಿಂದ ಆ ಸಾಲಿನ ತೂಕ ಆಗ ನನಗೆ ತಿಳಿಯಲಿಲ್ಲ.

ಕಳೆದ ವರ್ಷ ಡಿಸೆಂಬರಿನ ಒಂದು ಸಂಜೆ, ದೇವರ ಮುಂದೆ ಹಚ್ಚುವ ಊದುಬತ್ತಿಯನ್ನು ಕೈಯಲ್ಲಿ ಹಿಡಿದುಕೊಂಡು ನಾನೂ ನನ್ನ ಹೆಂಡತಿಯೂ ಮನೆಯೆಲ್ಲ ಸುತ್ತಿದೆವು. ನೆಟ್ಟಗೆ ಏಳಬೇಕಾದ ಹೊಗೆ ಹೊರಗೋಡೆಯ ಪ್ಲಗ್ ಪಾಯಿಂಟಿನ ಹತ್ತಿರ, ಗೋಡೆಯೊಳಗಿಂದ ಯಾರೋ ಊದಿದಂತೆ, ಕೋಣೆಯ ಕಡೆಗೆ ಬಾಗಿತು. ಮುಂಬಾಗಿಲಿನ ಹೊಸ್ತಿಲಿನಲ್ಲೂ ಅಷ್ಟೇ. ಮಹಡಿಯ ಮೇಲೆ ಅಟ್ಟಕ್ಕೆ ಹತ್ತುವ ಹಲಗೆಯ ಕೆಳಗೆ ಹಿಡಿದರೆ ಮಾತ್ರ ಹೊಗೆ ದಾರದಂತೆ ಸಣ್ಣಗಾಗಿ ಸಂದಿನೊಳಗೆ ಸೇದಿಹೋಯಿತು. ಬಿಸಿ ಗಾಳಿ ಹಗುರವಾಗಿ ಮೇಲಿನಿಂದ ತಪ್ಪಿಸಿಕೊಳ್ಳುತ್ತದೆ, ಅದು ಬಿಟ್ಟುಹೋದ ಜಾಗ ತುಂಬಲು ಕೆಳಗಿನ ಬಿರುಕುಗಳಿಂದ ಹೊರಗಿನ ಕೊರೆಯುವ ಗಾಳಿ ಒಳಗೆ ಬರುತ್ತದೆ. ಇದನ್ನು ಓದಿ ತಿಳಿದಿದ್ದೆ. ನಮ್ಮದೇ ಮನೆಯಲ್ಲಿ ಊದುಬತ್ತಿಯ ಹೊಗೆಯಲ್ಲಿ ನೋಡಿದಾಗ ಹೊಟ್ಟೆ ಉರಿಯಿತು.

ಆ ಹಲಗೆಯನ್ನು ಎತ್ತಿ ಮೊಬೈಲಿನ ಬೆಳಕಿನಲ್ಲಿ ಅಟ್ಟವನ್ನೂ ನೋಡಿದೆ. ಎಷ್ಟೋ ದಶಕಗಳ ಹಿಂದೆ ಸುರಿದ ಮರದ ಹೊಟ್ಟು ನಾಲ್ಕು ಅಂಗುಲಕ್ಕೆ ಕುಸಿದಿದೆ, ಮೂಲೆಗಳಲ್ಲಿ ಅದೂ ಇಲ್ಲ, ಚಾವಣಿಯ ಹಲಗೆಯೇ ಬತ್ತಲೆಯಾಗಿ ಕಾಣುತ್ತದೆ. ಬಿಸಿಯನ್ನು ತಡೆದು ನಿಲ್ಲಿಸುವ ಶಕ್ತಿಯನ್ನು ಇಲ್ಲಿ ಆರ್ ಮೌಲ್ಯ ಎಂದು ಅಳೆಯುತ್ತಾರೆ. ಈ ಹೊಟ್ಟಿನದು ಹೆಚ್ಚೆಂದರೆ 10ರ ಆಸುಪಾಸು. ಇಂಥ ಚಳಿಯ ಊರಿನ ಅಟ್ಟಕ್ಕೆ ಬೇಕಾದದ್ದು 50 ಅಥವಾ ಅದಕ್ಕೂ ಹೆಚ್ಚು. ಕಾಗದದ ಚೂರಿನಿಂದ ಮಾಡಿದ, ಬಿಸಿ ತಡೆಯುವ ಸೆಲ್ಯುಲೋಸ್ ಇನ್ಸುಲೇಶನ್ನನ್ನು ಪೈಪಿನಲ್ಲಿ ಊದಿ ಹದಿನಾಲ್ಕು ಹದಿನೈದು ಅಂಗುಲ ತುಂಬಿದರೆ ಆ ಮಟ್ಟ ಬರುತ್ತದೆ, ಚಾವಣಿಯ ಮೂಲಕ ಸೋರುವ ಬಿಸಿ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಹಿಮ ಬಿದ್ದು ಮೂರು ದಿನಕ್ಕೆ ಸೋರುವ ಬಿಸಿಗೆ ಅದು ಕರಗಿ ನಮ್ಮ ಸೂರು ಕಪ್ಪಗೆ ಕಾಣುತ್ತದೆ, ಅಂಚಿನಲ್ಲಿ ತೋಳು ಗಾತ್ರದ ಮಂಜುಗಡ್ಡೆಗಳು ಜೋತುಬೀಳುತ್ತವೆ. ಎದುರು ಮನೆಯ ಸೂರಿನ ಮೇಲೆ ಅದೇ ಹಿಮ ವಾರಗಟ್ಟಲೆ ಅಲುಗದೆ ಕೂತಿರುತ್ತದೆ. ಎದುರು ಮನೆಯಲ್ಲಿ ಇರುವವರೇ ಅದರ ಒಡೆಯರು.

ನಮ್ಮ ಕೈಲಾದದ್ದನ್ನೆಲ್ಲ ನಾವು ಮಾಡಿದ್ದೇವೆ. ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೇರ್ ಡ್ರೈಯರ್‌ನಿಂದ ಬಿಗಿಗೊಳಿಸಿದ್ದೇವೆ. ಬಾಗಿಲಿನ ಸುತ್ತ ಫೋಮ್ ಪಟ್ಟಿ ಬಡಿದದ್ದೂ ನಮ್ಮ ಖರ್ಚಿನಲ್ಲೇ. ಮನೆಯೊಳಗಿನ ಉಷ್ಣತೆಯನ್ನು ನಿಗದಿಮಾಡುವ ಥರ್ಮೋಸ್ಟಾಟ್ ಹಗಲಿಗೆ 20, ರಾತ್ರಿಗೆ 17 ಡಿಗ್ರಿಯಲ್ಲಿದೆ. ಇಡ್ಲಿ ಹಿಟ್ಟು ಎರಡು ದಿನವಾದರೂ ಹುದುಗುವುದಿಲ್ಲ. ಓವನ್ನಿನೊಳಗೆ ದೀಪ ಹಾಕಿ ಪಾತ್ರೆಯನ್ನು ರಾತ್ರಿಯೆಲ್ಲ ಅಲ್ಲಿಡಬೇಕು. ಮಗಳು ಎರಡು ಸ್ವೆಟರ್ ತೊಟ್ಟು, ಮೇಲೊಂದು ಕಂಬಳಿ ಹೊದ್ದು ಹೋಂವರ್ಕ್ ಮಾಡುತ್ತಾಳೆ.

ಹೀಗಿರುವಾಗ ಮಾಲೀಕರಿಗೆ ಅಟ್ಟದ ವಿಷಯ ಬರೆದರೆ, ಥರ್ಮೋಸ್ಟಾಟನ್ನು ಇನ್ನೆರಡು ಡಿಗ್ರಿ ಇಳಿಸಿಕೊಳ್ಳಿ ಎಂಬ ಉತ್ತರ ಬರುತ್ತದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಮನೆಯಿಂದ ಸೋರುವ ಬಿಸಿ ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಒಳಗೆ 20, ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇದ್ದಾಗ ಅಂತರ 50. ಎರಡು ಡಿಗ್ರಿ ಇಳಿಸಿದರೆ ಉಳಿಯುವುದು ನೂರಕ್ಕೆ ನಾಲ್ಕು. ಹೊರಗೆ ಸೊನ್ನೆಗಿಂತ 10 ಡಿಗ್ರಿ ಮೇಲಿರುವ ದಿನ ಇದೇ ಎರಡು ಡಿಗ್ರಿಯಿಂದ ನೂರಕ್ಕೆ ಇಪ್ಪತ್ತು ಉಳಿದೀತು, ಆದರೆ ಅಂಥ ದಿನ ಬಿಲ್ಲಿನ ಚಿಂತೆಯೇ ಇರುವುದಿಲ್ಲ. ಉಳಿತಾಯ ನಿಜವಾಗಿ ಬೇಕಾದ ದಿನಗಳಲ್ಲೇ ಈ ಸಲಹೆಯಿಂದ ಸಿಗುವುದು ಅತ್ಯಲ್ಪ. ಒಮ್ಮೆ 15ಕ್ಕೆ ಇಳಿಸಿದ ರಾತ್ರಿ ಹೊರಗೋಡೆಯೊಳಗೆ ಹಾದುಹೋಗಿರುವ ಅಡುಗೆಮನೆಯ ನೀರಿನ ಪೈಪು ಹೆಪ್ಪುಗಟ್ಟಿ ಬೆಳಿಗ್ಗೆ ನಲ್ಲಿಯಲ್ಲಿ ಹನಿ ನೀರು ಬರಲಿಲ್ಲ. ಅದು ಒಡೆದಿದ್ದರೆ ಹಾಳಾಗುತ್ತಿದ್ದುದು ಅವರದೇ ಮನೆ.

ಫರ್ನೇಸಿನ ಕಥೆಯೂ ಬೇರೆಯಲ್ಲ. ನಮ್ಮದು ಹಳೆಯ ಬಗೆಯದು. ಉರಿಸಿದ ನೂರು ಪಾಲು ಗ್ಯಾಸಿನಲ್ಲಿ ಸುಮಾರು ಇಪ್ಪತ್ತು ಪಾಲು ಚಿಮಣಿಯಲ್ಲಿ ಹೋಗುತ್ತದೆ. ಕೆನಡಾದಲ್ಲಿ ಮನೆಗೆಂದು ತಯಾರಾಗುವ ಗ್ಯಾಸ್ ಫರ್ನೇಸಿನ ದಕ್ಷತೆ ಕನಿಷ್ಠ ಶೇಕಡ 90 ಇರಬೇಕೆಂಬ ನಿಯಮ 2009ರ ಕೊನೆಯಲ್ಲಿ ಬಂತು, 2019ರಲ್ಲಿ ಅದು ಶೇಕಡ 95ಕ್ಕೆ ಏರಿತು, ಆದರೆ ಹಳೆಯದು ಕೆಟ್ಟು ನಿಲ್ಲುವ ತನಕ ಅದನ್ನು ಬದಲಿಸಿ ಎಂದು ಯಾರನ್ನೂ ಯಾರೂ ಒತ್ತಾಯಿಸುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಇಂಥ ದುರಸ್ತಿಗಳಿಗೆ 5,000 ಡಾಲರ್‌ವರೆಗೆ ಅನುದಾನ ಕೊಡಲು ಆರಂಭಿಸಿತು. ಅದೂ ಸಿಕ್ಕಿದ್ದು ಸ್ವಂತ ಮನೆಯಲ್ಲಿ ತಾವೇ ವಾಸಿಸುವವರಿಗೆ. 2024ರಲ್ಲಿ ಹೊಸ ಅರ್ಜಿಗಳಿಗೆ ಬಾಗಿಲು ಮುಚ್ಚಿತು. ಬಾಡಿಗೆ ಮನೆಯ ಅಟ್ಟಕ್ಕೆ ಅದರಿಂದ ಒಂದು ಹಿಡಿ ಹತ್ತಿಯೂ ಬರಲಿಲ್ಲ.

ವರ್ಷದ ಖರ್ಚನ್ನು ಹನ್ನೆರಡು ಸಮ ಕಂತು ಮಾಡಿಸಿಕೊಳ್ಳಿ ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಿಸಿದರೆ ಜನವರಿಯ ಹೊರೆ ಜುಲೈಗೂ ಹಂಚಿಹೋಗುತ್ತದೆಯೇ ಹೊರತು ಒಂದು ಡಾಲರೂ ಉಳಿಯುವುದಿಲ್ಲ. ಮನೆ ಬದಲಿಸಿ ಎನ್ನುವವರಿದ್ದಾರೆ. ಮಗಳ ಶಾಲೆ, ನನ್ನ ಹೆಂಡತಿಯ ಬಸ್ಸು, ಇವೆರಡಕ್ಕೂ ಹೊಂದುವ, ನಮ್ಮ ಕೈಗೆಟುಕುವ ಇನ್ನೊಂದು ಮನೆಯ ಅಟ್ಟದಲ್ಲಿ ಏನಿದೆ ಎಂದು ಸಹಿ ಹಾಕುವ ಮೊದಲು ನನಗೆ ಯಾರು ತೋರಿಸುತ್ತಾರೆ?

ನನ್ನ ಸಿಟ್ಟೆಲ್ಲ ಇದರ ಮೇಲೆಯೇ. ಬಿಲ್ ಕಟ್ಟುವ ನಮಗೆ ಅಟ್ಟ ಮುಟ್ಟುವ ಹಕ್ಕಿಲ್ಲ, ಅಟ್ಟದ ಹಕ್ಕಿರುವವರಿಗೆ ಬಿಲ್ ಮುಟ್ಟುವುದಿಲ್ಲ. ಬಿಲ್ ಅವರ ಹೆಸರಿಗೇ ಬರುತ್ತಿದ್ದರೆ ಆ ಹೊಟ್ಟಿನ ಮೇಲೆ ಹೊಸ ಇನ್ಸುಲೇಶನ್ ಯಾವತ್ತೋ ಬೀಳುತ್ತಿತ್ತು. ಕಳೆದ ವರ್ಷದ ಗ್ಯಾಸ್ ಬಿಲ್ಲುಗಳನ್ನು ಕರಾರಿನ ಜೊತೆಗೇ ತೋರಿಸಬೇಕೆಂಬ ಕಡ್ಡಾಯವಿದ್ದಿದ್ದರೂ ಆ ಬೇಸಿಗೆಯಲ್ಲಿ ನಾನು ಬಾಡಿಗೆಯನ್ನು ಚೌಕಾಸಿ ಮಾಡುತ್ತಿದ್ದೆ, ಇಲ್ಲವೇ ಮುಂದಿನ ಮನೆ ನೋಡುತ್ತಿದ್ದೆ.

ನಿನ್ನೆ ರಾತ್ರಿ ನಾಲ್ಕನೇ ಪತ್ರ ಬರೆದೆ. ಅಟ್ಟದ ಫೋಟೋ, ಮೂರು ಚಳಿಗಾಲಗಳ ಬಿಲ್ಲುಗಳು, ಇನ್ಸುಲೇಶನ್ ಹಾಕುವವರಿಂದ ನಾನೇ ಪಡೆದ ಅಂದಾಜು ಪಟ್ಟಿ ಎಲ್ಲವನ್ನೂ ಲಗತ್ತಿಸಿ, ಖರ್ಚಿನ ಕಾಲು ಭಾಗವನ್ನು ನಾವೇ ಭರಿಸುತ್ತೇವೆ, ಕೆಲಸ ಮಾಡಿಸಲು ಒಪ್ಪಿಗೆ ಕೊಡಿ ಎಂದು ಕೇಳಿದ್ದೇನೆ. ಅವರ ಸೂರಿಗೆ ನಮ್ಮ ಹಣ ಹಾಕಲೂ ಸಿದ್ಧನಾಗಿ ಅನುಮತಿಗಾಗಿ ಕಾಯುತ್ತಿದ್ದೇನೆ. ಇದನ್ನು ಬರೆಯುವ ಹೊತ್ತಿನವರೆಗೆ ಉತ್ತರ ಬಂದಿಲ್ಲ.