ದೊಡ್ಡಬ್ಬಕ್ಕೆ ಬರುವವರೇ, ತೋಟದ ಮನೆ ಹೋಮ್‌ಸ್ಟೇ ಅಲ್ಲ

ದೊಡ್ಡಬ್ಬಕ್ಕೆ, ಅಂದರೆ ದೀಪಾವಳಿಗೆ, ಬರಬೇಡಿ ಎಂದು ಯಾರೂ ಹೇಳುತ್ತಿಲ್ಲ. ಎಷ್ಟು ಜನ ಬರುತ್ತೀರಿ, ಯಾವ ಹೊತ್ತಿಗೆ ಬರುತ್ತೀರಿ, ಯಾವತ್ತು ಹೊರಡುತ್ತೀರಿ, ಇಷ್ಟು ಹೇಳಿ ಅಷ್ಟೇ. ಇದನ್ನು ಕೇಳಿದರೆ ಬೆಂಗಳೂರಿನಿಂದ ಬರುವ ಉತ್ತರ ಪ್ರತಿ ವರ್ಷವೂ ಒಂದೇ: "ಇದ್ದದ್ದೇ ಊಟ ಮಾಡ್ತೀವಿ ಅತ್ತಿಗೆ, ನೀವೇನೂ ತೊಂದ್ರೆ ತಗೋಬೇಡಿ." ನಾಲ್ಕು ಜನ ಎಂದವರು ಎರಡು ಕಾರಿನಲ್ಲಿ ಹನ್ನೊಂದು ಜನ ಬಂದು ಇಳಿಯುತ್ತಾರೆ. ಅದರಲ್ಲಿ ಇಬ್ಬರು ಮಗನ ಆಫೀಸಿನವರು. ಶಿರಸಿ, ಸಿದ್ದಾಪುರ, ಸಾಗರದ ಕಡೆ ಎಷ್ಟು ತೋಟದ ಮನೆಗಳಲ್ಲಿ ದೀಪಾವಳಿ ಎಂದರೆ ಈಗ ಭಯ ಹುಟ್ಟಿದೆ ಎಂಬುದು ಬರುವವರಿಗೆ ಗೊತ್ತೇ ಇಲ್ಲ.

ಇದ್ದದ್ದೇ ಊಟ ಎಂದರೆ ಹಬ್ಬದ ದಿನ ಹೋಳಿಗೆಯೇ. ನಾಲ್ಕೈದು ಜನರಿಗೆ ಅರ್ಧ ಕಿಲೋ ಕಡಲೆಬೇಳೆ ಸಾಕು, ಇಪ್ಪತ್ತರ ಹತ್ತಿರ ಹೋಳಿಗೆ ಆಗುತ್ತದೆ. ಮನೆಯವರೂ ಸೇರಿ ಹದಿನೈದು ಎಲೆ ಎಂದರೆ ಒಂದು ಕಿಲೋಗೂ ಸಾಲದು. ಬೇಳೆ ಹೆಚ್ಚಿಸುವುದು ಸುಲಭ, ಹೊತ್ತು ಹೆಚ್ಚಿಸುವುದು ಹೇಗೆ? ಕಣಕ ಕಲಸಿ ಎಣ್ಣೆ ಹಾಕಿ ನಾದಿ ಕನಿಷ್ಠ ಎರಡು ಮೂರು ತಾಸು ನೆನೆಯಬೇಕು. ಕೊನೆ ಗಳಿಗೆಯಲ್ಲಿ ಕಲಸಿದ ಕಣಕ ಎಳೆಯುವುದಿಲ್ಲ. ತಟ್ಟುವಾಗ ಹರಿದು ಹೂರಣ ಹೊರಗೆ ಬಂದು ಕಾವಲಿಗೆ ಹಿಡಿಯುತ್ತದೆ, ಆಮೇಲೆ ಹಾಕಿದ್ದೆಲ್ಲ ಕರಿ ಕರಿ. ಅವಸರದಲ್ಲಿ ಬೇಳೆಯ ಕಟ್ಟು ಪೂರ್ತಿ ಬಸಿಯದೆ ಬೆಲ್ಲ ಹಾಕಿದರೆ ಹೂರಣ ನೀರಾಗುತ್ತದೆ. ಅದಕ್ಕೆ ಇರುವುದು ಒಂದೇ ದಾರಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತ ಗಟ್ಟಿ ಮಾಡುವುದು. ಅದಕ್ಕೆ ಅರ್ಧ ತಾಸು ಬೇಕು. ತಟ್ಟಿ ಬೇಯಿಸಿ ತೆಗೆಯಲು ಒಂದಕ್ಕೆ ಮೂರು ನಿಮಿಷ ಎಂದರೂ ನಲವತ್ತು ಹೋಳಿಗೆಗೆ ಎರಡು ತಾಸು ಒಲೆಯ ಮುಂದೆ. ಆ ಎರಡು ತಾಸು ನಿಲ್ಲುವವರು ಯಾರು? ಜಗಲಿಯಲ್ಲಿ ಕುಳಿತು "ಅತ್ತಿಗೆ ಕೈ ಹೋಳಿಗೆ ಅಂದ್ರೆ ಹೋಳಿಗೆ" ಎಂದು ಹೊಗಳುವವರಲ್ಲಿ ಒಬ್ಬರಾದರೂ ಎದ್ದು ಬಂದು ಎರಡನೆಯ ಕಾವಲಿ ಹಿಡಿದರೆ ಕೆಲಸ ಅರ್ಧ ಹೊತ್ತಿಗೆ ಮುಗಿಯುತ್ತದೆ. ಹೊಗಳಿಕೆ ಯಾರಿಗೂ ಬೇಕಾಗಿಲ್ಲ.

ಕಡುಬಿನ ಕತೆಯೂ ಇದೇ. ಸೌತೆಕಾಯಿ ಕಡುಬಿಗೆ ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ಬಲಿತ ಸೌತೆಯ ತುರಿ, ಮುಕ್ಕಾಲು ಲೋಟ ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು. ಬೇರೆ ನೀರು ಸೇರಿಸುವಂತಿಲ್ಲ, ಸೌತೆಯೇ ನೀರು ಬಿಡುತ್ತದೆ. ಬೆಲ್ಲ, ಉಪ್ಪು ಬೆರೆಸಿದ ಮೇಲೆ ಕೂಡಲೇ ಬಾಡಿಸಿದ ಬಾಳೆಲೆಗೆ ಹಾಕಿ ಹಬೆಗೆ ಇಡಬೇಕು. "ಹತ್ತು ನಿಮಿಷದಲ್ಲಿ ಬಂದೆವು" ಎಂದು ಶಿರಸಿ ಪೇಟೆಯಲ್ಲಿ ಕಾಫಿ ಕುಡಿಯುತ್ತ ಕುಳಿತವರಿಗಾಗಿ ಹಿಟ್ಟನ್ನು ಕಾಯಿಸಿದರೆ ಅದು ತೆಳುವಾಗಿ, ಬೆಂದ ಮೇಲೂ ಗಟ್ಟಿಯಾಗದೆ ಎಲೆಗೆ ಅಂಟಿಕೊಳ್ಳುತ್ತದೆ. ಅಷ್ಟಾದ ಮೇಲೆ "ಈ ಸಲ ಯಾಕೋ ಕಡುಬು ಸರಿ ಆಗಿಲ್ಲ" ಎಂಬ ಮಾತು ಬೇರೆ.

ದೊಡ್ಡಬ್ಬ ಬರುವುದು ಅಡಿಕೆ ಗೊನೆಯ ಕೊಯ್ಲು, ಅಂದರೆ ಕೊನೆ ಕೊಯ್ಲು, ಶುರುವಾಗುವ ಹೊತ್ತಿಗೆ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಸಿಗುವುದೇ ದೊಡ್ಡದು, ಅವನು ಬರುತ್ತೇನೆಂದ ದಿನ ಕೊಯ್ಯಿಸಲೇಬೇಕು. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ಅಂದೋ ಮರುದಿನವೋ ಸುಲಿದು, ಚೊಗರಿನಲ್ಲಿ, ಅಂದರೆ ಅಡಿಕೆ ಬೆಂದ ಒಗರು ನೀರಿನಲ್ಲಿ, ಬೇಯಿಸಿ ಬಿಸಿಲಿಗೆ ಹರಡಬೇಕು. ಬಿಸಿಲು ಸಿಗದೆ ಒಂದೆರಡು ದಿನ ಹೋದರೆ ಬೂಸಲು ಬಂದು ದರ ಬೀಳುತ್ತದೆ. ಅಡಿಕೆ ಒಣಗಲು ಸರಿಯಾದ ಬಿಸಿಲು ಬೀಳುವ ಜಾಗ ಅಂಗಳ ಒಂದೇ, ಬಂದವರು ಕಾರು ನಿಲ್ಲಿಸುವುದೂ ಅಲ್ಲೇ. ರಸ್ತೆ ಬದಿಯಲ್ಲಿ ನಿಲ್ಲಿಸಿ ಇನ್ನೂರು ಹೆಜ್ಜೆ ನಡೆಯಲು ಏನು ಕಷ್ಟ? ವರ್ಷದ ದುಡಿಮೆ ಹರಡಿದ ಜಾಗದ ಮೇಲೆ ಟೈರು ಹತ್ತಿಸಿ "ಸ್ವಲ್ಪ ಸರಿಸಿ" ಎನ್ನುವವರಿಗೆ ಎದುರು ಹೇಳಿದರೆ ನೆಂಟಸ್ತಿಕೆಯೇ ಹೋಗುತ್ತದೆ.

ಬಚ್ಚಲಿನ ಹಂಡೆಗೂ ಒಂದು ಕ್ರಮ ಇದೆ. ಎಷ್ಟು ಬಿಸಿನೀರು ತೋಡಿದಿರೋ ಅಷ್ಟು ತಣ್ಣೀರು ತುಂಬಿ, ಒಲೆಗೆ ಎರಡು ಕೊರಡು ಒಡ್ಡಿ ಹೊರಗೆ ಬರಬೇಕು. ಆಗ ಹದಿನೈದು ಜನರ ಎಣ್ಣೆಸ್ನಾನವೂ ನಡೆಯುತ್ತದೆ. ಯಾರೂ ತುಂಬದಿದ್ದರೆ ಐದನೆಯವರಿಗೆ ತಣ್ಣೀರೇ ಗತಿ. ನೀರು ಬರಿದಾದ ಮೇಲೂ ಒಲೆ ಉರಿಯುತ್ತಿದ್ದರೆ ಹಂಡೆಯ ತಾಮ್ರದ ತಳವೇ ಹಾಳು.

ಬಲಿಪಾಡ್ಯದ ಬೆಳಿಗ್ಗೆ ಗೋಪೂಜೆ. ಹಿಂದಿನ ರಾತ್ರಿ ಕೊಟ್ಟಿಗೆಯ ಪಕ್ಕದಲ್ಲೇ ಪಟಾಕಿ ಹಚ್ಚುವವರನ್ನು ಕಂಡರೆ ಮೈ ಉರಿಯುತ್ತದೆ. ಅಟ್ಟದ ತುಂಬ ಒಣಹುಲ್ಲು, ಒಂದು ಕಿಡಿ ಸಾಕು. ಹೆದರಿದ ದನ ಹಗ್ಗ ಹರಿಯುತ್ತದೆ, ಮರುದಿನ ಬೆಳಿಗ್ಗೆ ಸೊರೆ ಬಿಡುವುದಿಲ್ಲ, ಹಾಲು ಇಳಿಸುವುದಿಲ್ಲ. ಪೂಜೆಯ ಹೊತ್ತಿಗೆ ಫೋಟೋಕ್ಕೆಂದು ಮಕ್ಕಳನ್ನು ಕರು ಹಾಕಿದ ಹಸುವಿನ ಹಿಂದೆ ನಿಲ್ಲಿಸಬೇಡಿ. ಅದು ಒದೆಯುತ್ತದೆ, ಅದು ಅದರ ತಪ್ಪಲ್ಲ.

ಊಟ ಮುಗಿದು ಎಲೆ ತೆಗೆಯುವ ಮೊದಲೇ ಶುರುವಾಗುವ ಮಾತು: "ನಾಳೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?" ಮೊಬೈಲಿನಲ್ಲಿ ಪಟ್ಟಿ ತಯಾರು. ಯಾಣ, ಉಂಚಳ್ಳಿ, ಜೋಗ, ಸಮಯ ಸಿಕ್ಕರೆ ಬನವಾಸಿ. ಒಂದೇ ದಿನಕ್ಕೆ! ಶಿರಸಿಯಿಂದ ಯಾಣ ಸುಮಾರು 40 ಕಿ.ಮೀ., ಉಂಚಳ್ಳಿ ಸುಮಾರು 35, ಜೋಗ 60ರ ಹತ್ತಿರ, ಬನವಾಸಿ ಮತ್ತೊಂದು ದಿಕ್ಕಿನಲ್ಲಿ 20 ದಾಟಿ. ತಿರುವಿನ ರಸ್ತೆ, ತಾಸಿಗೆ 30 ಕಿ.ಮೀ. ಹೋದರೆ ಹೆಚ್ಚು. ಆರು ಗಂಟೆಗೆ ಕತ್ತಲು. ಮೊಬೈಲು ತೋರಿಸುವ ಸಮಯವನ್ನು ನಂಬಿ ಹೊರಟವರು ಕಾಡಿನ ನಡುವೆ ಸಿಗ್ನಲ್ಲೂ ಇಲ್ಲದೆ ಸಿಕ್ಕಿಕೊಂಡರೆ ಹುಡುಕಿಕೊಂಡು ಹೋಗುವವರು ಮತ್ತೆ ಇದೇ ಮನೆಯವರು.

ಜೋಗದ ಬಗ್ಗೆ ಒಂದು ಮಾತು ಹೇಳಲೇಬೇಕು. 253 ಮೀಟರು ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುವುದನ್ನು ನೋಡಬೇಕಾದರೆ ಜುಲೈನಿಂದ ಸೆಪ್ಟೆಂಬರ್ ಒಳಗೆ ಬನ್ನಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಮೇಲೆಯೇ ನಿಲ್ಲುತ್ತದೆ. ನವೆಂಬರಿನಲ್ಲಿ ಬಂದು "ಇಷ್ಟು ದೂರ ಕರ್ಕೊಂಡು ಬಂದ್ರಿ, ನೀರೇ ಇಲ್ಲ" ಎಂದು ಕರೆದುಕೊಂಡು ಹೋದವರ ಮೇಲೆ ಸಿಡುಕುವುದು ಯಾವ ನ್ಯಾಯ? ಆ ತಿಂಗಳಿಗೆ ಸರಿಯಾದ ಜಾಗ ಸಹಸ್ರಲಿಂಗ. ಶಾಲ್ಮಲೆಯ ನೀರು ಇಳಿದಂತೆ ಬಂಡೆಯ ಮೇಲಿನ ಲಿಂಗಗಳು ಒಂದೊಂದಾಗಿ ಕಾಣತೊಡಗುತ್ತವೆ. ಹತ್ತಿರವೂ ಹೌದು, ಮಧ್ಯಾಹ್ನದೊಳಗೆ ಮನೆಗೆ ಬರಬಹುದು. ಆದರೆ ಪಾಚಿ ಕಟ್ಟಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ. "ಇಲ್ಲಿ ಇಳಿಯಬೇಡಿ" ಎಂದು ಊರಿನವರು ಹೇಳಿದರೆ ಅದು ಹೆದರಿಸಲಿಕ್ಕಲ್ಲ. ಮೇಲೆ ಸಣ್ಣಗೆ ಹರಿಯುವ ನೀರಿನ ಅಡಿಯಲ್ಲಿ ಆಳದ ಗುಂಡಿಗಳಿವೆ. ಎದೆಯುದ್ದ ಬೆಳೆದ ಹುಡುಗರಿಗೆ ಇದನ್ನು ಹೇಳಿ ಹೇಳಿ ಗಂಟಲು ಒಣಗುತ್ತದೆ, ಅಪ್ಪ ಅಮ್ಮ ಮಾತ್ರ ದಂಡೆಯಲ್ಲಿ ಸೆಲ್ಫಿ ತೆಗೆಯುತ್ತಿರುತ್ತಾರೆ.

ಬುತ್ತಿ ಕಟ್ಟುವುದೂ ಮನೆಯವರ ಪಾಲಿಗೇ. ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ, ಕಾಯಿಚಟ್ನಿ ಬೇಕು ಎನ್ನುತ್ತಾರೆ. ಹಸಿ ಕಾಯಿಚಟ್ನಿ ಕಾರಿನ ಬಿಸಿಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಪುಳಿಯೋಗರೆ ಕೆಡುವುದಿಲ್ಲ. ಮೊಸರನ್ನಕ್ಕೆ ಅನ್ನ ಆರಿಸಿ ಹಾಲು ಸುರಿದು ಎರಡು ಚಮಚ ಮೊಸರು ಬೆರೆಸಿ ಕಟ್ಟಿದರೆ ಊಟದ ಹೊತ್ತಿಗೆ ಹುಳಿಯಾಗದೆ ಹದವಾಗಿರುತ್ತದೆ. ಕೊಟ್ಟದ್ದನ್ನು ತಿನ್ನಿ. ತಿಂದ ಮೇಲೆ ಪ್ಲಾಸ್ಟಿಕ್ ತಟ್ಟೆ, ನೀರಿನ ಬಾಟಲಿಗಳನ್ನು ಹೊಳೆದಂಡೆಯಲ್ಲಿ ಬಿಟ್ಟು ಬರುವುದು ಮಹಾಪಾಪ. ಆ ಹೊಳೆಯ ನೀರನ್ನೇ ಕೆಳಗಿನವರು ತೋಟಕ್ಕೆ ಬಿಡುತ್ತಾರೆ, ದನಕ್ಕೆ ಕುಡಿಸುತ್ತಾರೆ.

ಉಂಬಳ, ಅಂದರೆ ಜಿಗಣೆ, ಕಚ್ಚಿದರೆ ಕಿರುಚಿ ಕಿತ್ತೆಳೆಯಬೇಡಿ. ಉಗುರಿನಿಂದ ಪಕ್ಕಕ್ಕೆ ಕೆರೆದು ಬಿಡಿಸಿ, ತೊಳೆದು ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಆಸ್ಪತ್ರೆಗೆ ಓಡುವಂಥದ್ದಲ್ಲ.

ಇನ್ನು ಹೊರಡುವ ದಿನ. "ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಸ್ವಲ್ಪ ಹಾಕಿ ಕೊಡಿ." ಒಂದು ಸ್ವಲ್ಪ ಎಂದರೆ ಮೂರು ಮನೆಗೆ ಮೂರು ಬಾಟಲಿ, ಬಾಟಲಿಯೂ ನಮ್ಮದೇ. ಬೇಸಿಗೆಯಲ್ಲಿ ಮಾವಿನ ಮಿಡಿಗೆ ಈಗ ಎಷ್ಟು ದರ ಎಂದು ಯಾರೂ ಕೇಳುವುದಿಲ್ಲ. ಅದು ಹೋಗಲಿ, ಒದ್ದೆ ಚಮಚವನ್ನು ಭರಣಿಗೆ ಹಾಕಿ ಇಡೀ ವರ್ಷದ ಉಪ್ಪಿನಕಾಯಿ ಬೂಸಲು ಹಿಡಿಸಿ ಹೋಗುತ್ತಾರಲ್ಲ, ಅದನ್ನು ಸಹಿಸಲಾಗುವುದಿಲ್ಲ. ಬೇಕಾದವರು ತೊಳೆದು ಬಿಸಿಲಿಗೆ ಒಣಗಿಸಿದ ಗಾಜಿನ ಬಾಟಲಿ ತನ್ನಿ, ಮನೆಯವರ ಕೈಗೆ ಕೊಡಿ. ಭರಣಿಯ ಬಾಯಿಬಟ್ಟೆಯನ್ನು ನೀವು ಬಿಚ್ಚಬೇಡಿ.